ರಾತ್ರಿಯ ಲೆಕ್ಕ

ನಮ್ಮ ಅಡುಗೆಮನೆಯ ಬಾಗಿಲ ಹಿಂದೆ ಪ್ರತಿ ವರ್ಷವೂ ಬೆಂಗಳೂರು ಪ್ರೆಸ್ಸಿನ ಕ್ಯಾಲೆಂಡರು ತೂಗುತ್ತಿತ್ತು. ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ, ಚೀಟಿ ಕಟ್ಟಬೇಕಾದ ತಾರೀಖು, ಯಾರದೋ ಮನೆಯ ನಾಮಕರಣ, ಎಲ್ಲವನ್ನೂ ಅಮ್ಮ ಅದರಲ್ಲೇ ಬರೆಯುತ್ತಿದ್ದಳು. ಇವುಗಳ ನಡುವೆ ಕೆಲವು ತಾರೀಖುಗಳ ಮೂಲೆಯಲ್ಲಿ ಪೆನ್ಸಿಲಿನ ಒಂದು ಸಣ್ಣ ಸೊನ್ನೆ ಇರುತ್ತಿತ್ತು. ಅದೇನೆಂದು ನಾವ್ಯಾರೂ ಕೇಳಿರಲಿಲ್ಲ. ತಮ್ಮನನ್ನು ನರರೋಗ ತಜ್ಞರಲ್ಲಿಗೆ ಮತ್ತೆ ತೋರಿಸಲು ಕರೆದೊಯ್ದ ದಿನ ಅಮ್ಮ ಆ ಕ್ಯಾಲೆಂಡರನ್ನೇ ಮೊಳೆಯಿಂದ ತೆಗೆದು, ಸುರುಳಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ಚೀಲದಲ್ಲಿಟ್ಟುಕೊಂಡಳು.

"ಹೋದ ಸಲ ಬಂದು ಹೋದಮೇಲೆ ಎಷ್ಟು ಸಲ ಫಿಟ್ಸ್ ಬಂತಪ್ಪಾ?" ಡಾಕ್ಟರು ಕೇಳಿದರು.

"ಎರಡು ಸಲ ಸಾರ್."

ಅಮ್ಮ ಕ್ಯಾಲೆಂಡರು ಬಿಚ್ಚಿ ಮೇಜಿನ ಮೇಲೆ ಹರಡಿದಳು. ಮೂರು ಹಾಳೆಗಳಲ್ಲಿ ಹನ್ನೊಂದು ಸೊನ್ನೆಗಳಿದ್ದವು.

ತಮ್ಮ ಸುಳ್ಳು ಹೇಳಿರಲಿಲ್ಲ. ಹನ್ನೊಂದೂ ನಿದ್ದೆಯಲ್ಲಿ ಬಂದವು. ನಾಲಿಗೆ ಕಚ್ಚಿಕೊಂಡು ಮರುದಿನ ಸಾರು ತಾಗಿದರೆ ಉರಿಯುತ್ತಿದ್ದ ಎರಡು ಸಲ ಮಾತ್ರ ಅವನ ಲೆಕ್ಕಕ್ಕೆ ಸಿಕ್ಕಿದ್ದವು. ಉಳಿದ ಒಂಬತ್ತು ಬೆಳಗುಗಳಲ್ಲಿ ಅವನಿಗೆ ಸ್ವಲ್ಪ ಮೈಕೈ ನೋವಿತ್ತು, ತಲೆ ಭಾರವಿತ್ತು, ಅಷ್ಟೆ. ಡಾಕ್ಟರು ಹಳೆಯ ಡೋಸನ್ನೇ ಮುಂದುವರಿಸಿ ಎಂದು ಬರೆಯಲು ಪೆನ್ನು ಎತ್ತಿದ್ದರು. ಸೊನ್ನೆಗಳನ್ನು ಒಂದೊಂದಾಗಿ ಎಣಿಸಿ, ಹಾಳೆ ಹಿಂದೆ ಮುಂದೆ ತಿರುವಿ, ಬೇರೆಯದನ್ನೇ ಬರೆದರು.

ನಿದ್ದೆಯಲ್ಲಿ ಬರುವ ಫಿಟ್ಸಿಗೆ ಔಷಧಗಳ ಕೊರತೆ ಇಲ್ಲ. ಹಲವು ಹಳೆಯವು, ಪರೀಕ್ಷೆಗೆ ನಿಂತವು, ಅಗ್ಗವೂ ಹೌದು. ಆದರೆ ಯಾವ ಔಷಧ, ಎಷ್ಟು, ಯಾವ ಹೊತ್ತಿಗೆ ಎಂಬುದು ತೀರ್ಮಾನವಾಗುವುದು 'ಎಷ್ಟು ಸಲ ಬಂತು, ಹೇಗೆ ಬಂತು' ಎಂಬ ಪ್ರಶ್ನೆಯ ಉತ್ತರದ ಮೇಲೆ. ಆ ಉತ್ತರ ಗೊತ್ತಿರದ ಒಬ್ಬನೇ ವ್ಯಕ್ತಿಯೆಂದರೆ ರೋಗಿ. ನಾವೋ ಅವನನ್ನೇ ಕೇಳುತ್ತೇವೆ. ರಾತ್ರಿಯ ಫಿಟ್ಸಿನ ಚಿಕಿತ್ಸೆ ಹಾದಿ ತಪ್ಪುವುದು ಬಹಳ ಸಲ ಇಲ್ಲಿಯೇ ಎಂಬುದು ನನ್ನ ವಾದ.

ಇದು ಬರೀ ನಮ್ಮ ಮನೆಯ ಅನುಭವವಲ್ಲ. ಜರ್ಮನಿಯ ಬಾನ್ ನಗರದ ಮೂರ್ಛೆರೋಗ ಕೇಂದ್ರದಲ್ಲಿ 91 ರೋಗಿಗಳನ್ನು ಹಗಲಿರುಳು ವಿಡಿಯೋ ಮತ್ತು ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿಯ ಕಣ್ಗಾವಲಿನಲ್ಲಿ ಇರಿಸಿ, ಅವರು ತಾವೇ ಬರೆದ ಲೆಕ್ಕವನ್ನು ಯಂತ್ರದ ಲೆಕ್ಕದ ಜೊತೆ ತಾಳೆ ನೋಡಿದರು. ಫಲಿತಾಂಶ 2007ರಲ್ಲಿ ಪ್ರಕಟವಾಯಿತು. ಎಚ್ಚರವಿದ್ದಾಗ ಬಂದ ಫಿಟ್ಸಿನಲ್ಲಿ ನೂರಕ್ಕೆ 32ರಷ್ಟು ರೋಗಿಗಳ ಲೆಕ್ಕದಿಂದ ಬಿಟ್ಟುಹೋಗಿದ್ದವು. ನಿದ್ದೆಯಲ್ಲಿ ಬಂದವುಗಳಲ್ಲಿ ಬಿಟ್ಟುಹೋದದ್ದು ನೂರಕ್ಕೆ ಸುಮಾರು 86. ಬರೆದಿಡಿ ಎಂದು ಹೇಳಿಸಿಕೊಂಡು, ಆಸ್ಪತ್ರೆಯಲ್ಲೇ ಮಲಗಿದ್ದವರ ಕಥೆ ಇದು. ಇನ್ನು ಹೊಲ, ಆಫೀಸು, ಕಾಲೇಜು ಎಂದು ಓಡಾಡುವವರ ನೆನಪನ್ನು ಎಷ್ಟು ನಂಬುವುದು? ನಮ್ಮ ಪ್ರಾಚೀನರು ಈ ಕಾಯಿಲೆಗೆ ಇಟ್ಟ ಹೆಸರಿನಲ್ಲೇ ಈ ತಿಳಿವಳಿಕೆ ಇದೆ. ಅಪಸ್ಮಾರ ಎಂದರೆ ಸ್ಮರಣೆ ತಪ್ಪುವುದು. ಬಂದು ಹೋದದ್ದು ಬಂದವನಿಗೇ ನೆನಪಿರುವುದಿಲ್ಲ.

ಲೆಕ್ಕ ತಪ್ಪಲು ಇನ್ನೊಂದು ಕಾರಣ ನಮ್ಮ ಸಮಾಧಾನದ ಮಾತು. 'ರಾತ್ರಿ ಮಾತ್ರ ತಾನೇ ಬರೋದು, ಹಗಲೆಲ್ಲ ಚೆನ್ನಾಗಿರ್ತಾನಲ್ಲ' ಎಂದು ಬಂಧುಗಳು ಹೇಳುತ್ತಾರೆ. ಹೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇಲ್ಲ. ಬೀದಿಯಲ್ಲಿ ಬೀಳಲಿಲ್ಲ, ಒಲೆಯ ಮೇಲೆ ಬೀಳಲಿಲ್ಲ, ನಾಲ್ಕು ಜನ ನೋಡಲಿಲ್ಲ ಎಂಬ ನೆಮ್ಮದಿ ಅದು. ರಾತ್ರಿ ಮಾತ್ರ ಬರುವುದು ಅಪರೂಪವೇನಲ್ಲ. 1880ರ ದಶಕದಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಗವರ್ಸ್ ತನ್ನ ನೂರಾರು ರೋಗಿಗಳ ಲೆಕ್ಕ ತೆಗೆದಾಗ, ಐವರಲ್ಲಿ ಒಬ್ಬರಿಗೆ ಫಿಟ್ಸು ರಾತ್ರಿ ಮಾತ್ರ ಬರುತ್ತಿದ್ದುದು ಕಂಡಿತು. ನಿದ್ದೆಗೂ ಫಿಟ್ಸಿಗೂ ಇರುವ ನಂಟಿಗೆ ಕಾರಣ ಈಗ ಒಂದು ಮಟ್ಟಿಗೆ ಗೊತ್ತಿದೆ. ಎಚ್ಚರವಿದ್ದಾಗ ಮಿದುಳಿನ ಬೇರೆ ಬೇರೆ ಭಾಗಗಳು ತಂತಮ್ಮ ಕೆಲಸದಲ್ಲಿರುತ್ತವೆ. ಕನಸಿಲ್ಲದ ನಿದ್ದೆಗೆ ಜಾರಿದಾಗ ಒಳಗಿನ ಥಾಲಮಸ್ಸೂ ಹೊರಪದರವೂ ಒಂದೇ ಲಯಕ್ಕೆ ಬೀಳುತ್ತವೆ, ಕೋಲಾಟದಲ್ಲಿ ಎಲ್ಲರ ಕೋಲೂ ಒಂದೇ ಹೊಡೆತಕ್ಕೆ ಕೂಡುವ ಹಾಗೆ. ಎಲ್ಲೋ ಒಂದು ಮೂಲೆಯ ನರಕೋಶಗಳು ಕೆರಳಿದರೆ ಆ ಕೆರಳು ಈ ಲಯವನ್ನು ಹಿಡಿದು ಸುಲಭವಾಗಿ ಹರಡುತ್ತದೆ. ಕನಸು ಬೀಳುವ ನಿದ್ದೆಯಲ್ಲಿ ಆ ಲಯ ಚದುರಿಹೋಗುವುದರಿಂದ ಫಿಟ್ಸು ಅಪರೂಪ.

ಆದರೆ ರಾತ್ರಿಯ ಫಿಟ್ಸು ಹಗಲಿನದಕ್ಕಿಂತ ಹಗುರವಾದದ್ದಲ್ಲ. ಮೂರ್ಛೆರೋಗ ಇರುವವರಲ್ಲಿ, ಬೇರೆ ಕಾರಣ ಸಿಗದೆ, ಇದ್ದಕ್ಕಿದ್ದಂತೆ ಸಂಭವಿಸುವ ಸಾವೊಂದಿದೆ. ಇಂಗ್ಲಿಷಿನ ಮೊದಲಕ್ಷರಗಳನ್ನು ಕೂಡಿಸಿ ವೈದ್ಯರು ಅದನ್ನು 'ಸುಡೆಪ್' ಎನ್ನುತ್ತಾರೆ. ಅಮೆರಿಕದ ನರರೋಗ ತಜ್ಞರ ಸಂಘಗಳು 2017ರಲ್ಲಿ ಕೊಟ್ಟ ಅಂದಾಜಿನಂತೆ, ಮೂರ್ಛೆರೋಗವಿರುವ ವಯಸ್ಕರಲ್ಲಿ ಇದು ವರ್ಷಕ್ಕೆ ಸಾವಿರದಲ್ಲಿ ಒಬ್ಬರಿಗೆ, ಮಕ್ಕಳಲ್ಲಿ 4,500ರಲ್ಲಿ ಒಬ್ಬರಿಗೆ ಸಂಭವಿಸುತ್ತದೆ. ಅಪರೂಪವೇ ಸರಿ. ಆದರೆ ಸಂಭವಿಸುವುದು ಹೆಚ್ಚಾಗಿ ನಿದ್ದೆಯಲ್ಲಿ, ಮೈಯೆಲ್ಲ ಸೆಟೆದು ಅದುರುವ ದೊಡ್ಡ ಫಿಟ್ಸಿನ ನಂತರ, ಎಷ್ಟೋ ಸಲ ಕವುಚಿ ಮಲಗಿದ ಸ್ಥಿತಿಯಲ್ಲಿ, ಪಕ್ಕದಲ್ಲಿ ಯಾರೂ ಇಲ್ಲದಾಗ. ಹೆದರಿಸಲು ಇದನ್ನು ಬರೆಯುತ್ತಿಲ್ಲ. ನಮಗೂ ಇದನ್ನು ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಮೊದಲೇ ಎಚ್ಚೆತ್ತುಕೊಳ್ಳುತ್ತಿದ್ದೆವು ಎಂಬ ನೋವಿನಿಂದ ಬರೆಯುತ್ತಿದ್ದೇನೆ. ಔಷಧ ಇಲ್ಲಿ ಏನು ಮಾಡಬಲ್ಲದು ಎಂಬುದಕ್ಕೂ ಸಾಕ್ಷಿ ಇದೆ. ಹತೋಟಿಗೆ ಬಾರದ ಫಿಟ್ಸು ಇದ್ದವರ ಮೇಲೆ ನಡೆದ 112 ಪ್ರಯೋಗಗಳನ್ನು ಫ್ರಾನ್ಸಿನ ತಂಡವೊಂದು ಒಟ್ಟುಗೂಡಿಸಿ 2011ರಲ್ಲಿ ಪರಿಶೀಲಿಸಿತು. ಹೆಚ್ಚುವರಿಯಾಗಿ ನಿಜವಾದ ಔಷಧವನ್ನು ತಕ್ಕ ಪ್ರಮಾಣದಲ್ಲಿ ಪಡೆದವರಿಗಿಂತ ಹುಸಿ ಮಾತ್ರೆ ಪಡೆದವರಲ್ಲಿ ಈ ಬಗೆಯ ಸಾವು ಸುಮಾರು ಏಳು ಪಟ್ಟು ಹೆಚ್ಚಿತ್ತು. ರಾತ್ರಿಯ ಮಾತ್ರೆ ಬರೀ ನಾಲಿಗೆ ಕಚ್ಚುವುದನ್ನು ತಪ್ಪಿಸುವ ಮಾತ್ರೆಯಲ್ಲ.

ಈ ಕಾಯಿಲೆಯ ಮೊದಲ ಆಧುನಿಕ ಮಾತ್ರೆಗಳಲ್ಲೊಂದು ಸಿಕ್ಕಿದ್ದೇ ರಾತ್ರಿಯ ಕಾವಲಿನಿಂದ ಎಂಬುದು ನನಗೆ ಬಹಳ ಅರ್ಥಪೂರ್ಣವಾಗಿ ಕಾಣುತ್ತದೆ. 1912ರಲ್ಲಿ ಜರ್ಮನಿಯ ಫ್ರೈಬರ್ಗಿನಲ್ಲಿ ಆಲ್ಫ್ರೆಡ್ ಹಾಪ್ಟ್‌ಮನ್ ಎಂಬ ಕಿರಿಯ ವೈದ್ಯನಿದ್ದ. ಅವನ ವಾಸ ಮೂರ್ಛೆರೋಗಿಗಳ ವಾರ್ಡಿನ ಮೇಲೆಯೇ ಇತ್ತು, ರಾತ್ರಿಯೆಲ್ಲ ರೋಗಿಗಳು ಫಿಟ್ಸು ಬಂದು ಮಂಚದಿಂದ ಬೀಳುವ ಸದ್ದಿಗೆ ಅವನಿಗೆ ನಿದ್ದೆ ಹತ್ತುತ್ತಿರಲಿಲ್ಲ ಎಂದು ವೈದ್ಯಲೋಕದಲ್ಲಿ ಹೇಳುತ್ತಾರೆ. ರೋಗಿಗಳಾದರೂ ಮಲಗಲಿ ಎಂದು ಆಗಷ್ಟೇ ಬಂದಿದ್ದ ನಿದ್ದೆಯ ಮಾತ್ರೆ ಫಿನೋಬಾರ್ಬಿಟಾಲನ್ನು ಕೊಟ್ಟ. ನಿದ್ದೆಯ ಜೊತೆಗೆ ಫಿಟ್ಸೂ ಕಡಿಮೆಯಾದದ್ದನ್ನು ಗಮನಿಸಿದ. ನಮ್ಮಲ್ಲಿ 'ಗಾರ್ಡಿನಾಲ್' ಎಂದು ಹಳ್ಳಿಯವರೂ ಗುರುತಿಸುವ ಮಾತ್ರೆ ಅದೇ. ನೂರು ವರ್ಷ ದಾಟಿದರೂ ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲಿದೆ. 1938ರಲ್ಲಿ ಫೆನಿಟಾಯಿನ್ ಬಂತು, ಜನರ ಬಾಯಲ್ಲಿ 'ಎಪ್ಟಾಯಿನ್'. ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ನಮ್ಮ ಯಳಂದೂರು ಸೀಮೆಯ ಹಳ್ಳಿಗಳಲ್ಲಿ ಈ ಎರಡು ಮಾತ್ರೆಗಳನ್ನೇ ಕೊಟ್ಟು, ವರ್ಷಗಟ್ಟಲೆ ರೋಗಿಗಳ ಬೆನ್ನು ಹತ್ತಿ, ಹಳ್ಳಿಯ ಮಟ್ಟದಲ್ಲೇ ಫಿಟ್ಸನ್ನು ಹತೋಟಿಗೆ ತರಬಹುದು ಎಂದು ತೋರಿಸಿದರು. 2001ರಲ್ಲಿ ಅದು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಮಾತ್ರೆಯಷ್ಟೇ ಮುಖ್ಯವಾದದ್ದು ಆ ಬೆನ್ನು ಹತ್ತುವಿಕೆ.

'ರಾತ್ರಿ ಫಿಟ್ಸಿನ ಮಾತ್ರೆ' ಎಂದು ಬೇರೆಯೇ ಒಂದು ಮಾತ್ರೆ ಇಲ್ಲ. ಬರುವ ಹೊತ್ತಿಗಿಂತ ಬರುವ ಬಗೆ ಮುಖ್ಯ. ಹದಿನೈದು ಹದಿನಾರರ ಹುಡುಗಿಯೊಬ್ಬಳು ಪರೀಕ್ಷೆಗೆಂದು ನಿದ್ದೆಗೆಟ್ಟು, ಬೆಳಗ್ಗೆ ಎದ್ದ ಹೊಸದರಲ್ಲಿ ಭುಜ ಪಟಕ್ಕನೆ ಹಾರಿ ಕೈಯಲ್ಲಿದ್ದ ಕಾಫಿ ಲೋಟ ಚೆಲ್ಲುತ್ತಾಳೆ. ಮನೆಯವರು 'ಗಮನ ಎಲ್ಲಿದೆ ನಿಂಗೆ' ಎಂದು ಗದರುತ್ತಾರೆ. ಒಂದು ಮುಂಜಾವ ದೊಡ್ಡ ಫಿಟ್ಸೇ ಬರುತ್ತದೆ. ಈ ಬಗೆಗೆ ಲೆವೆಟಿರಾಸೆಟಾಮ್, ವ್ಯಾಲ್ಪ್ರೊಯೇಟ್‌ನಂಥವು ಒಗ್ಗುತ್ತವೆ. ಕಾರ್ಬಮಝೆಪಿನ್ ಅಥವಾ ಫೆನಿಟಾಯಿನ್ ಕೊಟ್ಟರೆ ಆ ಪಟಕ್ಕನೆ ಹಾರುವುದು ಇನ್ನೂ ಹೆಚ್ಚಬಹುದು. ಲೋಟ ಚೆಲ್ಲಿದ ಸಂಗತಿಯನ್ನು ಯಾರೂ ಹೇಳದಿದ್ದರೆ ವೈದ್ಯರು ತಪ್ಪು ಮಾತ್ರೆ ಬರೆಯುವ ಸಾಧ್ಯತೆ ಉಂಟು.

ಇನ್ನೊಬ್ಬನಿಗೆ ನಿದ್ದೆಯ ನಡುವೆ ದಿಢೀರನೆ ಎದ್ದು ಕೂತು, ಕೈಕಾಲು ಬಡಿದು, ಸೈಕಲ್ ತುಳಿದಂತೆ ಕಾಲಾಡಿಸಿ, ಕಿರುಚಿ, ಅರ್ಧ ನಿಮಿಷದಲ್ಲಿ ಮತ್ತೆ ಮಲಗಿಬಿಡುವ ಬಗೆ. ಒಂದೇ ರಾತ್ರಿ ನಾಲ್ಕಾರು ಸಲ ಬಂದರೂ ಬರಬಹುದು. ನಮ್ಮಲ್ಲಿ ಇದಕ್ಕೆ ಕೆಟ್ಟ ಕನಸು, ಸೋಂಕು, ಗಾಳಿ ಎಂದು ಹೆಸರಿಟ್ಟು ತಾಯಿತ ಕಟ್ಟಿಸಿ ವರ್ಷಗಳೇ ಕಳೆದುಹೋಗುತ್ತವೆ. ಇದು ಹೆಚ್ಚಾಗಿ ಮಿದುಳಿನ ಮುಂಭಾಗದಿಂದ ಹುಟ್ಟುವ ಫಿಟ್ಸು. ಕೆಲವು ಮನೆತನಗಳಲ್ಲಿ ಇದು ವಂಶದಿಂದ ಬರುತ್ತದೆ. ಅಂಥದೊಂದು ಕುಟುಂಬದಲ್ಲಿ 1995ರಲ್ಲಿ ಪತ್ತೆಯಾದ ವಂಶವಾಹಿ, ವಂಶಪಾರಂಪರ್ಯದ ಮೂರ್ಛೆರೋಗಕ್ಕೆ ಕಾರಣವೆಂದು ಮೊದಲಿಗೆ ಗುರುತಿಸಲಾದ ವಂಶವಾಹಿ. ಇಲ್ಲಿ ಅದೇ ಕಾರ್ಬಮಝೆಪಿನ್, ಅನೇಕರಿಗೆ ಮಲಗುವಾಗ ಕೊಡುವ ಸಣ್ಣ ಡೋಸಿನಲ್ಲೇ, ಚೆನ್ನಾಗಿ ಕೆಲಸ ಮಾಡುತ್ತದೆ. ಸುಮಾರು ಮೂರರಲ್ಲಿ ಒಬ್ಬರ ಫಿಟ್ಸು ಮಾತ್ರ ಮಾತ್ರೆಗಳಿಗೆ ಅಷ್ಟಾಗಿ ಬಗ್ಗುವುದಿಲ್ಲ. ಅಂಥವರಿಗೆ ಶಸ್ತ್ರಚಿಕಿತ್ಸೆಯ ಸಾಧ್ಯತೆ ನೋಡಬೇಕಾಗುತ್ತದೆ.

ಮೂರನೆಯದು ನಾಲ್ಕರಿಂದ ಹತ್ತು ವರ್ಷದ ಆಸುಪಾಸಿನ ಮಕ್ಕಳದು. ಮಲಗಿದ ಸ್ವಲ್ಪ ಹೊತ್ತಿಗೋ ಏಳುವ ಮುಂಚೆಯೋ ಮಗು ಎದ್ದು ಬರುತ್ತದೆ, ಬಾಯಿ ಒಂದು ಕಡೆಗೆ ಎಳೆಯುತ್ತದೆ, ಜೊಲ್ಲು ಸುರಿಯುತ್ತದೆ, ಮಾತು ಹೊರಡುವುದಿಲ್ಲ. ತಾಯಿಯ ಜೀವ ಬಾಯಿಗೆ ಬರುತ್ತದೆ. ಆದರೆ ಇದು ಹರೆಯ ಮುಗಿಯುವಷ್ಟರಲ್ಲಿ ತಾನೇ ಹೋಗುವ ಬಗೆ, ಅಪರೂಪಕ್ಕೆ ಫಿಟ್ಸು ಬರುವ ಮಕ್ಕಳಿಗೆ ದಿನನಿತ್ಯದ ಮಾತ್ರೆಯೇ ಬೇಕಾಗದೆ ಇರಬಹುದು. ರಾತ್ರಿಯ ಫಿಟ್ಸನ್ನು ಗಂಭೀರವಾಗಿ ನೋಡಿ ಎಂದರೆ ಎಲ್ಲರಿಗೂ ಮಾತ್ರೆ ತಿನ್ನಿಸಿ ಎಂದು ಅರ್ಥವಲ್ಲ. ಸರಿಯಾಗಿ ನೋಡಿ ಎಂದು. ಈಗ ಪ್ರತಿ ಮನೆಯಲ್ಲೂ ಮೊಬೈಲಿದೆ. ಮಗ್ಗುಲಿಗೆ ಹೊರಳಿಸಿ, ಇನ್ನೊಬ್ಬರಿಂದ ಅರ್ಧ ನಿಮಿಷದ ವಿಡಿಯೋ ಮಾಡಿಸಿಕೊಂಡರೆ, ಹಗಲು ಹೊತ್ತು ತೆಗೆದ ಎಷ್ಟೋ ಇಇಜಿಗಳು ಹೇಳದ್ದನ್ನು ಅದು ಹೇಳುತ್ತದೆ.

ಬಗೆ ಗೊತ್ತಾದ ಮೇಲೆ ಹೊತ್ತಿನ ಮಾತು. ರಾತ್ರಿಯೇ ಬರುವುದಾದರೆ ರಾತ್ರಿಗೇ ಹೆಚ್ಚು ಮಾತ್ರೆ ಕೊಡಬಾರದೇಕೆ ಎಂದು ಅಮ್ಮ ಕೇಳಿದ್ದಳು. ಪ್ರಶ್ನೆ ಸರಿಯಾದದ್ದೇ, ಉತ್ತರ ಮಾತ್ರೆಯನ್ನು ಅವಲಂಬಿಸಿದೆ. ರಕ್ತದಲ್ಲಿರುವ ಔಷಧ ಅರ್ಧಕ್ಕೆ ಇಳಿಯಲು ಬೇಕಾದ ಸಮಯವನ್ನು ಅರ್ಧಾಯುಷ್ಯ ಎನ್ನುತ್ತಾರೆ. ಲೆವೆಟಿರಾಸೆಟಾಮಿಗೆ ಅದು 6ರಿಂದ 8 ಗಂಟೆ. ಸಂಜೆ ಏಳಕ್ಕೆ ಊಟದ ಜೊತೆ ನುಂಗಿದರೆ ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಅರ್ಧಕ್ಕಿಂತ ಕೆಳಗಿಳಿದಿರುತ್ತದೆ. ಫಿಟ್ಸು ಕಾಯುವುದೂ ಆ ಹೊತ್ತನ್ನೇ. ಇಂಥ ಮಾತ್ರೆಯನ್ನು ಮಲಗುವ ಹೊತ್ತಿಗೆ ಸರಿಸುವುದರಲ್ಲಿ, ದಿನದ ಪಾಲಿನಲ್ಲಿ ದೊಡ್ಡದನ್ನು ರಾತ್ರಿಗೆ ಇಡುವುದರಲ್ಲಿ ಅರ್ಥವಿದೆ. ಫಿನೋಬಾರ್ಬಿಟಾಲಿನ ಅರ್ಧಾಯುಷ್ಯವಾದರೋ ವಯಸ್ಕರಲ್ಲಿ ಮೂರು ನಾಲ್ಕು ದಿನ. ಅದನ್ನು ಬೆಳಗ್ಗೆ ತಿಂದರೂ ರಾತ್ರಿ ತಿಂದರೂ ರಕ್ತದಲ್ಲಿ ಇರುವ ಮಟ್ಟ ಹೆಚ್ಚುಕಡಿಮೆ ಒಂದೇ. ರಾತ್ರಿ ಕೊಡುವುದು ಹಗಲಿನ ಮಂಪರು ತಪ್ಪಲಿ ಎಂದು. ಬಾಸ್ಟನ್ನಿನಲ್ಲಿ ರಾತ್ರಿ ಅಥವಾ ನಸುಕಿನಲ್ಲಿ ಫಿಟ್ಸು ಬರುತ್ತಿದ್ದ 17 ಮಕ್ಕಳಿಗೆ ಸಂಜೆಯ ಡೋಸನ್ನು ಹೆಚ್ಚಿಸಿ ನೋಡಿದಾಗ 11 ಮಕ್ಕಳಿಗೆ ಫಿಟ್ಸು ಪೂರ್ತಿ ನಿಂತಿತು ಎಂದು 2011ರಲ್ಲಿ ವರದಿಯಾಯಿತು. ಹದಿನೇಳು ಸಣ್ಣ ಸಂಖ್ಯೆ, ಹೋಲಿಸಲು ಇನ್ನೊಂದು ಗುಂಪೂ ಇರಲಿಲ್ಲ. ಹಾಗಾಗಿ ಇದು ವೈದ್ಯರೊಡನೆ ಮಾತಾಡಲು ಒಂದು ಕಾರಣ, ನಾವೇ ಮನೆಯಲ್ಲಿ ಡೋಸು ಬದಲಿಸಲು ಅನುಮತಿಯಲ್ಲ. ಫೆನಿಟಾಯಿನ್ನಿನ ವಿಷಯದಲ್ಲಂತೂ ಇದು ಅಪಾಯ. ಒಂದು ಮಟ್ಟ ದಾಟಿದ ಮೇಲೆ ಸ್ವಲ್ಪವೇ ಹೆಚ್ಚಿಸಿದರೂ ರಕ್ತದಲ್ಲಿ ಅದು ಎಷ್ಟೋ ಪಟ್ಟು ಏರಿ, ಕುಡಿದವರಂತೆ ತೂರಾಡುವ ಹಾಗಾಗುತ್ತದೆ. ನಿಧಾನವಾಗಿ ಕರಗಲೆಂದು ಮಾಡಿದ ಮಾತ್ರೆಗಳನ್ನು ಪುಡಿಮಾಡಿ ಮೊಸರಲ್ಲಿ ಕಲಸಿ ಕೊಡುವುದೂ ಹಾಗೆಯೇ: ರಾತ್ರಿಯಿಡೀ ಬರಬೇಕಾದ ಔಷಧ ಒಂದೇ ಸಲಕ್ಕೆ ಸುರಿದು ಜಾವಕ್ಕೆ ಖಾಲಿಯಾಗುತ್ತದೆ.

ನಿದ್ದೆಯನ್ನೂ ಚಿಕಿತ್ಸೆಯ ಭಾಗವೆಂದೇ ಎಣಿಸಬೇಕು. ನಿದ್ದೆಗೆಡುವುದರಿಂದ ಫಿಟ್ಸು ಹೆಚ್ಚುತ್ತದೆ, ಫಿಟ್ಸಿನಿಂದ ನಿದ್ದೆ ಕೆಡುತ್ತದೆ. ವಾರ ವಾರ ಪಾಳಿ ಬದಲಾಗುವ ಕೆಲಸದಲ್ಲಿರುವ ಹುಡುಗನಿಗೆ ಇನ್ನೊಂದು ಮಾತ್ರೆ ಸೇರಿಸುವ ಮುಂಚೆ ಹಗಲು ಪಾಳಿ ಕೊಡಿಸುವ ಚೀಟಿ ಬರೆಯುವುದು ಒಳ್ಳೆಯ ಚಿಕಿತ್ಸೆ. ದೊಡ್ಡದಾಗಿ ಗೊರಕೆ ಹೊಡೆದು ನಡುವೆ ಉಸಿರು ಕಟ್ಟುವವರಿಗೆ ಆ ತೊಂದರೆಯ ಚಿಕಿತ್ಸೆಯಾದರೆ ಫಿಟ್ಸೂ ಇಳಿಯುವುದುಂಟು.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ತಿಂಗಳಿಗೊಮ್ಮೆ ನಿದ್ದೆಯಲ್ಲಿ ಬಂದು ಹೋಗುವುದಕ್ಕಾಗಿ ದಿನವೂ ಮಂಪರು, ಸಿಡುಕು, ಊದಿದ ಒಸಡು, ಏರುವ ತೂಕ ಇವನ್ನೆಲ್ಲ ಯಾಕೆ ಹೊರಬೇಕು ಎಂದು ಕೇಳುವವರಿದ್ದಾರೆ. ತಮ್ಮನೂ ಕೇಳಿದ್ದ. ಲೆವೆಟಿರಾಸೆಟಾಮ್ ಶುರು ಮಾಡಿದ ತಿಂಗಳು ಅವನು ತಟ್ಟೆ ತಳ್ಳಿ ಎದ್ದುಹೋದದ್ದು, ಆಮೇಲೆ ತಾನೇ ಬಂದು ಅತ್ತದ್ದು ನನಗೆ ನೆನಪಿದೆ. ಅದು ಅವನ ಸ್ವಭಾವವಲ್ಲ, ಮಾತ್ರೆಯದು ಎಂದು ಡಾಕ್ಟರು ಹೇಳಿದಾಗ ಮನೆಯೇ ಹಗುರಾಯಿತು. ಮಾತ್ರೆ ಬದಲಾಯಿತು. ಈ ಆಕ್ಷೇಪಕ್ಕೆ ಉತ್ತರ ಮಾತ್ರೆ ಬಿಡುವುದಲ್ಲ, ಒಗ್ಗುವ ಮಾತ್ರೆ ಸಿಗುವ ತನಕ ಕೇಳುತ್ತಲೇ ಇರುವುದು. ಬಿಡುವುದಾದರೂ ವೈದ್ಯರ ಕಣ್ಣೆದುರು, ತಿಂಗಳುಗಳ ಅವಧಿಯಲ್ಲಿ, ಮೆಟ್ಟಿಲಿಳಿದಂತೆ ಬಿಡಬೇಕು. ಥಟ್ಟನೆ ನಿಲ್ಲಿಸಿದರೆ ನಿಲ್ಲದೆ ಬರುವ ಫಿಟ್ಸಿಗೆ ದಾರಿಯಾಗುತ್ತದೆ.

ಥಟ್ಟನೆ ನಿಲ್ಲಿಸುವುದು ನಮ್ಮಲ್ಲಿ ಹೆಚ್ಚಾಗಿ ನಡೆಯುವುದು ಮದುವೆಯ ಸಮಯದಲ್ಲಿ. ಹಗಲು ಬರುವ ಕಾಯಿಲೆಯನ್ನು ಮುಚ್ಚಿಡುವುದು ಕಷ್ಟ, ರಾತ್ರಿಯದನ್ನು ಸುಲಭ. ಹೆಣ್ಣಿನ ಕಡೆಯವರು ಹೇಳುವುದಿಲ್ಲ, ಗಂಡನ ಮನೆಯಲ್ಲಿ ಮಾತ್ರೆಯ ಪಟ್ಟಿ ಕಾಣಬಾರದೆಂದು ಹುಡುಗಿ ಮಾತ್ರೆಯನ್ನೇ ಬಿಡುತ್ತಾಳೆ, ಮದುವೆಮನೆಯ ನಿದ್ದೆಗೇಡೂ ಸೇರಿ ಮೊದಲ ವಾರದಲ್ಲೇ ದೊಡ್ಡ ಫಿಟ್ಸು ಬರುತ್ತದೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆಗೆ ಅಡ್ಡಿಯೆಂದು ಸೇರಿದ್ದ ಮೂರ್ಛೆರೋಗದ ಹೆಸರನ್ನು 1999ರಲ್ಲೇ ತೆಗೆದುಹಾಕಿದ್ದಾರೆ. ಕಾನೂನು ಬಿಟ್ಟದ್ದನ್ನು ನಾವು ಇನ್ನೂ ಬಿಟ್ಟಿಲ್ಲ. ಮುಚ್ಚಿಡುವುದಕ್ಕೆ ಇನ್ನೊಂದು ಬೆಲೆಯೂ ಇದೆ. ವ್ಯಾಲ್ಪ್ರೊಯೇಟ್ ಗರ್ಭದ ಶಿಶುವಿಗೆ ತೀವ್ರ ಹಾನಿ ಮಾಡಬಲ್ಲದು, ಫೆನಿಟಾಯಿನ್, ಕಾರ್ಬಮಝೆಪಿನ್ ಮುಂತಾದವು ಗರ್ಭನಿರೋಧಕ ಮಾತ್ರೆಯ ಬಲ ಕುಗ್ಗಿಸುತ್ತವೆ. ಇದನ್ನು ಗಂಡ ಹೆಂಡತಿ ಇಬ್ಬರೂ ವೈದ್ಯರೆದುರು ಕೂತು ಮಾತಾಡಿ, ಬಸಿರಾಗುವ ಮುಂಚೆಯೇ ಮಾತ್ರೆ ಬದಲಿಸಿಕೊಳ್ಳಬೇಕು. ಗುಟ್ಟಾಗಿಟ್ಟರೆ ಆ ಮಾತುಕತೆಗೆ ಜಾಗವೇ ಇಲ್ಲ.

ರೋಗಿಗೇ ಗೊತ್ತಾಗದ್ದನ್ನು ಕಾಣಬಲ್ಲವರು ಪಕ್ಕದಲ್ಲಿ ಮಲಗುವವರು, ಗುಟ್ಟಾಗಿಟ್ಟರೆ ಅವರ ಕಾವಲೂ ಇಲ್ಲ. ಒಂದೇ ಕೋಣೆಯಲ್ಲಿ ಇನ್ನೊಬ್ಬರು ಮಲಗಿದ್ದರೆ ಮೊದಲು ಹೇಳಿದ ಆ ಹಠಾತ್ ಸಾವಿನ ಸಾಧ್ಯತೆ ಕಡಿಮೆ ಎಂದು ಇಂಗ್ಲೆಂಡ್, ಸ್ವೀಡನ್‌ಗಳ ಅಧ್ಯಯನಗಳು ಹೇಳಿವೆ. ಚಾಪೆ ಹಾಸಿ ಎಲ್ಲರೂ ಸಾಲಾಗಿ ಮಲಗುತ್ತಿದ್ದ ನಮ್ಮ ನಡುಮನೆಗೆ ಈ ಕಾವಲು ತಾನಾಗಿಯೇ ಇತ್ತು. ಪಕ್ಕದಲ್ಲಿರುವವರು ಮಾಡಬೇಕಾದ್ದು ಹೆಚ್ಚೇನಿಲ್ಲ. ಮಗ್ಗುಲಿಗೆ ಹೊರಳಿಸಬೇಕು, ದಿಂಬು ಸರಿಸಬೇಕು, ಗಡಿಯಾರ ನೋಡಬೇಕು. ಬಾಯಿಗೆ ಚಮಚವಾಗಲಿ ನೀರಾಗಲಿ ಬೇಡ. ಕೈಗೆ ಕಬ್ಬಿಣ, ಮೂಗಿಗೆ ಈರುಳ್ಳಿ ಹಿಡಿಯುವುದರಿಂದ ಏನೂ ಆಗುವುದಿಲ್ಲ. ಐದು ನಿಮಿಷ ದಾಟಿದರೆ, ವೈದ್ಯರು ಮೊದಲೇ ಬರೆದುಕೊಟ್ಟಿದ್ದಲ್ಲಿ ಮಿಡಜೋಲಾಮ್ ಸ್ಪ್ರೇಯನ್ನು ಮೂಗಿಗೆ ಹೊಡೆದು, ಆಸ್ಪತ್ರೆಗೆ ಹೊರಡಬೇಕು.

ಆದರೆ ಇಪ್ಪತ್ತನಾಲ್ಕರ ಹುಡುಗನೊಬ್ಬ ಅಮ್ಮನ ಪಕ್ಕದಲ್ಲೇ ಎಷ್ಟು ವರ್ಷ ಮಲಗಬೇಕು? ಕಾವಲು ಸೆರೆಯಾಗಬಾರದು ಎಂಬ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಬೆಂಗಳೂರಿನಲ್ಲಿ ಕೆಲಸ ಸಿಕ್ಕಾಗ ತಮ್ಮ ಒಬ್ಬನೇ ಇರುವ ಕೋಣೆ ನೋಡಿದ್ದ, ಯಾರಿಗೂ ಹೇಳುವ ಮನಸ್ಸಿರಲಿಲ್ಲ. ಅಮ್ಮ ತಡೆಯಲಿಲ್ಲ. 'ಇಬ್ಬರಿರೋ ಕೋಣೆ ನೋಡು, ಜೊತೆಗಿರೋನಿಗೆ ಮೊದಲ ದಿನಾನೇ ಹೇಳು, ಅಷ್ಟು ಸಾಕು' ಎಂದಳು. ಅವನಿಗೆ ಅದು ಮಾತ್ರೆ ನುಂಗುವುದಕ್ಕಿಂತ ಕಷ್ಟವಾಯಿತು. ಆದರೂ ಹೇಳಿದ. ಆ ಹುಡುಗ ರಾಯಚೂರು ಕಡೆಯವನು. ಕೇಳಿಸಿಕೊಂಡು, ಏನು ಮಾಡಬೇಕೆಂದು ಎರಡೆರಡು ಸಲ ಕೇಳಿ, ಅಮ್ಮನ ನಂಬರನ್ನು ತನ್ನ ಫೋನಿಗೆ ಹಾಕಿಕೊಂಡನಂತೆ.

ಹೋದ ವರ್ಷದ ಕ್ಯಾಲೆಂಡರಿನಲ್ಲಿ ಎರಡು ಸೊನ್ನೆಗಳಿದ್ದವು, ಒಂದು ಜುಲೈಯಲ್ಲಿ, ಇನ್ನೊಂದು ದೀಪಾವಳಿಯ ಹಿಂದಿನ ವಾರ. ಎರಡನ್ನೂ ಅಮ್ಮ ಬರೆದದ್ದು ಬೆಳಗ್ಗೆ ಆರಕ್ಕೆ ಬಂದ ಫೋನು ಕೇಳಿ. ಫೋನು ಮಾಡಿದವನು ಪಕ್ಕದ ಮಂಚದ ಹುಡುಗ. ತಮ್ಮ ಆಗ ಇನ್ನೂ ಮಲಗಿದ್ದ.